ಬುಡ್ಸುದ್ರಾ ಬಾವ?

ಉಷಾರಾಗಿರುವವರು ದಾಳಿಂಬೆ ತಿನ್ನುವುದನ್ನು ನಾನು ಹೆಚ್ಚಾಗಿ ಕಂಡಿಲ್ಲ. ಅವರಿಗೆ ಬಾಳೆಹಣ್ಣು ಸಾಕು. ನಮ್ಮ ಪಾಂಡವಪುರದಲ್ಲಿ ದಾಳಿಂಬೆಯ ಕವರು ಹಿಡಿದು ಬೀದಿಗಿಳಿದರೆ ‘ಯಾರು ಮಲ್ಗವ್ರೆ?’ ಎಂದೇ ಕೇಳುತ್ತಾರೆ. ನಮ್ಮ ಮನೆಯಲ್ಲಿ ಮಲಗಿದ್ದವಳು ನನ್ನ ಹೆಂಡತಿ ಸಾವಿತ್ರಿ. ಮೈಸೂರಿನ ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆದು, ಅದರದೊಂದು ಚೂರನ್ನು ಪರೀಕ್ಷೆಗೆ ಕಳಿಸಿ, ಉಳಿದವಳನ್ನು ನನ್ನ ಕೈಗೆ ಕೊಟ್ಟಿದ್ದರು. ಅವತ್ತು ಬೆಳಿಗ್ಗೆಯಷ್ಟೇ ಮನೆಗೆ ಕರೆತಂದಿದ್ದೆ. ಗಡಿಬಿಡಿಯಲ್ಲಿ ಮನೆಗೆ ಬಂದದ್ದನ್ನು ಯಾರಿಗೂ ಹೇಳಿರಲಿಲ್ಲ. ರಕ್ತ ಕಡಿಮೆ ಇದೆ, ಚೆನ್ನಾಗಿ ತಿನ್ನಿಸಿ ಎಂದಿದ್ದರು ಡಾಕ್ಟರು. ಅವಳೋ ಮುದ್ದೆ ಬೇಡ, ಗಂಜಿ ಬೇಡ ಎಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು. ರಿಸಲ್ಟು ಏನು ಬರುತ್ತದೋ ಎಂಬ ಭಯ ಇಬ್ಬರಿಗೂ ಇತ್ತು. ಅದೊಂದನ್ನು ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದೆವು.

ಉಳಿದದ್ದು ದಾಳಿಂಬೆ. ಸಿಂಧಘಟ್ಟದ ನನ್ನ ಬಾಮೈದ ರಾಜಣ್ಣ ಆಸ್ಪತ್ರೆಗೆ ತಂದುಕೊಟ್ಟಿದ್ದು. ನಾನು ಡೇರಿಯಲ್ಲಿ ಹಾಲು ಅಳೆಯುವವನು. ಹಾಲಿಗೆ ಸಿಪ್ಪೆ ಇರುವುದಿಲ್ಲ. ಈಳಿಗೆಮಣೆಯ ಮೇಲೆ ಹಣ್ಣನ್ನು ನಟ್ಟನಡುವೆ ಕೊಯ್ದೆ. ರಸ ಚಿಮ್ಮಿ ಬನಿಯನ್ನು, ಗೋಡೆ, ಕ್ಯಾಲೆಂಡರಿನ ದೇವರು ಎಲ್ಲ ಕೆಂಪಾಯಿತು. ಒಂದು ಹೋಳಂತೂ ಒಳಗೆ ಕಪ್ಪಗೆ ಕೊಳೆತಿತ್ತು. ಅಷ್ಟರಲ್ಲಿ ರಾಜಣ್ಣನ ಫೋನು. ಕಿರುಬೆರಳಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ.

“ಬುಡ್ಸುದ್ರಾ ಬಾವ?”

ಅವನು ತಂದ ಹಣ್ಣು, ಅವನು ವಿಚಾರಿಸುವುದು ನ್ಯಾಯವೇ. “ಅರ್ಧ ಬುಡ್ಸಿವ್ನಿ ಕಣ್ಲಾ. ಇನ್ನರ್ಧ ಒಳಗೊಳ್ಗೇ ಕೊಳ್ತೋಗದೆ. ಏನೂ ಮಾಡಂಗಿಲ್ಲ, ತಿಪ್ಪೆಗೆ ಬಿಸಾಕೋದೇಯ” ಎಂದೆ.

ಆ ಕಡೆಯಿಂದ ಫೋನು ಕಟ್ಟಾಯಿತು.

ನಮ್ಮ ಕಡೆ ಹಣ್ಣನ್ನೂ ಬುಡುಸ್ತಾರೆ, ಆಸ್ಪತ್ರೆಯಿಂದ ಮನುಷ್ಯರನ್ನೂ ಬುಡುಸ್ತಾರೆ ಎಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಸಿಂಧಘಟ್ಟದಿಂದ ರಾಜಣ್ಣ ಬೈಕಿನಲ್ಲಿ ಬಂದಿಳಿದಾಗಲೂ ನಾನು ಅದೇ ಹಣ್ಣಿನ ಮುಂದೆ ಕೂತಿದ್ದೆ. ಕೆಂಪಾದ ನನ್ನ ಬನಿಯನ್ನು ನೋಡಿದವನೇ ಹೊಸಿಲಲ್ಲಿ ಕುಸಿದ.

“ಅಯ್ಯೋ ಅಕ್ಕಾ! ನಮ್ಮಕ್ಕನ್ನ ತಿಪ್ಪೆಗೆ ಬಿಸಾಕ್ತೀನಿ ಅಂದ್ರಲ್ಲ ಬಾವ, ಮನ್ಸಾರಾ ನೀವು?”

“ನಾನಂದಿದ್ದು ದಾಳಿಂಬೆ ಕಣ್ಲಾ!”

ಮಂಚದ ಕಡೆಯಿಂದ ಏನೋ ಸದ್ದು. ನೋಡಿದರೆ ಸಾವಿತ್ರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. “ನಗುಸ್ಬ್ಯಾಡ್ರಪ್ಪಾ, ಒಲಿಗೆ ಕಿತ್ಕತ್ತದೆ” ಎನ್ನುತ್ತಲೇ ನಕ್ಕಳು, ನಗುನಗುತ್ತಲೇ ಅಳತೊಡಗಿದಳು. ರಾಜಣ್ಣನೂ ಅತ್ತ. ನಾನು ಕೆಂಪು ಕೈಯಲ್ಲೇ ಕಣ್ಣೊರೆಸಿಕೊಂಡು ಇನ್ನಷ್ಟು ಘೋರವಾಗಿ ಕಂಡಿರಬೇಕು.

ಆಮೇಲೆ ನಾನು ಬಿಡಿಸಿಟ್ಟಿದ್ದ ಕಾಳಿನ ಬಟ್ಟಲಿಗೆ ಅವಳೇ ಕೈ ಚಾಚಿದಳು. ಒಂದು ತುತ್ತು ಬಾಯಿಗೆ ಹಾಕಿ ಮುಖ ಕಿವುಚಿದಳು. “ಥೂ, ಬಿಳೀ ಸಿಪ್ಪೆಯೆಲ್ಲ ಅಂಗೇ ಅದೆ, ಬರೀ ಕಯಿ. ಸುತ್ತ ಗೀರಿ ಎಲ್ಡು ಓಳು ಮಾಡ್ಕಂಡು, ಬೋರಲಾಕಿ ಸೌಟ್ನಲ್ಲಿ ಬಡೀಬೇಕು. ನಾನಿಲ್ದೋದ್ರೆ ಏನ್ ಮಾಡೀರಿ? ಕಲ್ತ್ಕಳಿ.” ಬೈಯುತ್ತಾ ಬೈಯುತ್ತಾ ಬಟ್ಟಲು ಖಾಲಿ ಮಾಡಿದಳು.

ರಿಸಲ್ಟು ಇನ್ನೂ ಬಂದಿಲ್ಲ. ಸೌಟಿನಲ್ಲಿ ಬಡಿಯುವುದು ಮಾತ್ರ ನನಗೆ ಬಂದುಬಿಟ್ಟಿದೆ; ಹಿತ್ತಲಲ್ಲಿ ಕೂತು ಬಡಿದರೆ ಒಂದು ಕಾಳೂ ಒಡೆಯುವುದಿಲ್ಲ. ಆದರೂ ಬಟ್ಟಲನ್ನು ಒಳಗೆ ಒಯ್ಯುವ ಮೊದಲು ಬಿಳಿ ಸಿಪ್ಪೆಯ ಚೂರುಗಳನ್ನು ಹುಡುಕಿ ನಾನೇ ಬೆರೆಸುತ್ತೇನೆ. ಕಲಿತೆನೆಂದು ಗೊತ್ತಾದರೆ ಅವಳು ನೆಮ್ಮದಿಯಾಗಿ ಹೊರಟುಬಿಟ್ಟಾಳೆಂಬ ಹೆದರಿಕೆ ನನಗೆ.

“ಇಷ್ಟು ವಯಸ್ಸಾದ್ರೂ ಒಂದು ಅಣ್ಣು ಬುಡ್ಸಾಕೆ ಬರಾಕಿಲ್ವಲ್ರೀ” ಎಂದು ಬೈಯುತ್ತಾ ತಿನ್ನುತ್ತಾಳೆ.

“ಬರಾಕಿಲ್ಲ ಕಣೇ” ಎನ್ನುತ್ತೇನೆ, ಸೌಟನ್ನು ಬೆನ್ನ ಹಿಂದೆ ಹಿಡಿದು.