ಕೊಂಡಿ ಹಾಕದ ಏಣಿ

"ಇಷ್ಟೇನಾ?"

ಆ ದಿನದ ಅನಾಹುತಕ್ಕೆಲ್ಲ ಮೂಲ ಇದೊಂದೇ ಮಾತು. ಕೇಳಿದವಳು ರೈಟರ್‌ನ ಹೆಂಡತಿ. ಬಾಗಿಲ ಬಳಿ ಕೊಕ್ಕರೆಯ ಹಾಗೆ ಒಂಟಿಕಾಲಲ್ಲಿ ನಿಂತು ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ದಿನಕ್ಕೆ ನಲವತ್ತು ಜನರಿಗೆ ಸೂಜಿ ಚುಚ್ಚುವುದು ಅವಳ ಕೆಲಸ. ಮನೆಯಲ್ಲಿ ಆ ಕೆಲಸಕ್ಕೆ ಅವಳಿಗೆ ಸೂಜಿಯೂ ಬೇಕಾಗುತ್ತಿರಲಿಲ್ಲ.

ರೈಟರ್ ಎನ್ನುವುದು ಕಟ್ಟಡದವರು ಇಟ್ಟ ಹೆಸರು. ಅವನು ಬರೆಯುತ್ತಿದ್ದುದು ಕತೆ ಕಾದಂಬರಿಯಲ್ಲ. ಮಿಕ್ಸರಿನ ಡಬ್ಬಿಯಲ್ಲಿ ನಾಲ್ಕಾಗಿ ಮಡಿಸಿಟ್ಟ ಹಾಳೆ, ನೀರಿನ ಪಂಪಿನ ಕೈಪಿಡಿ, ಕಂಪನಿಗಳ ಕಾಗದಪತ್ರ. ಯಾರೂ ಓದದೆ ಎಸೆಯುವುದನ್ನೂ ಯಾರೋ ಒಬ್ಬರು ಬರೆಯಲೇಬೇಕಲ್ಲ, ಆ ಯಾರೋ ಒಬ್ಬ ಇವನು. ಸಂಬಳ ಕೊಡುವ ಧಣಿ ಇಲ್ಲ, ಬಯ್ಯುವ ಧಣಿಗಳಿಗೆ ಬರವಿಲ್ಲ. ಸ್ವತಂತ್ರ ಬರಹಗಾರ ಎಂದರೆ ಅಷ್ಟೇ.

ಊರಾಚೆಯ ಏಣಿ ಕಾರ್ಖಾನೆಯವರು ತಮ್ಮ ಸೂಚನಾ ಹಾಳೆಗಳನ್ನು ಬರೆಯಲು ಒಬ್ಬರು ಬೇಕೆಂದು ಪ್ರಕಟಣೆ ಕೊಟ್ಟಿದ್ದರು. ಒಂದು ವರ್ಷದ ಕೆಲಸ. ಅರ್ಜಿಯನ್ನು ಕಾಗದದ ಮೇಲೆ ಬರೆದು ಗೇಟಿನಲ್ಲಿ ಕೈಯಾರೆ ಕೊಡಬೇಕು. ಆ ದಿನ ಸಂಜೆ ಐದಕ್ಕೆ ಗಡುವು. ಇದು ಸಿಗದಿದ್ದರೆ ಮರುದಿನದಿಂದ ರೈಟರ್ ತನ್ನ ಹೆಂಡತಿಯ ಅಣ್ಣನ, ಅಂದರೆ ಭಾವನ, ಟೈಲ್ಸ್ ಅಂಗಡಿಯಲ್ಲಿ ಕೂರಬೇಕೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಭಾವ ಅವನಿಗಾಗಿ ಸ್ಟೂಲನ್ನೂ ಆರಿಸಿಟ್ಟಿದ್ದ. ಅದು ಕಮೋಡುಗಳ ಸಾಲಿನ ಎದುರಿಗಿತ್ತು.

ಹಾಗಾಗಿ ರೈಟರ್ ಕಾರ್ಖಾನೆಯ ಹಳೆಯ ಹಾಳೆಯೊಂದನ್ನು ಸಂಪಾದಿಸಿ ಮೂರು ಸಲ ಓದಿ, ಬೆಳಗ್ಗೆ ಎದ್ದು ನಾಲ್ಕೇ ಸಾಲು ಬರೆದು ಪ್ರಿಂಟ್ ತೆಗೆದಿದ್ದ:

"ನಿಮ್ಮ ಏಣಿಯ ಜೊತೆ ಕೊಡುವ ಸೂಚನಾ ಹಾಳೆ ಓದಿದೆ. ಹತ್ತುವ ಮೊದಲು ಕೊಂಡಿ ಹಾಕಬೇಕೆಂಬ ಮಾತು ಮೂರನೆಯ ಪುಟದಲ್ಲಿದೆ. ಅದು ಮೊದಲ ಸಾಲಾಗಬೇಕು. ಬರೆದುಕೊಡಬಲ್ಲೆ."

ಹೆಸರು ಹಾಕಿರಲಿಲ್ಲ. ಹೆಸರು ಹಾಕಿದ ಮೇಲೆ ತಿದ್ದಿದರೆ ಹೆಸರಿಗೇ ಅವಮಾನ ಎಂದು ಅವನ ನಂಬಿಕೆ. ಏನು ಬರೆದರೂ ಹೆಂಡತಿಯ ಕಿವಿಗೆ ಹಾಕಿ, ಅವಳು ಹೂಂ ಅಂದ ಮೇಲೇ, ಎಲ್ಲಕ್ಕಿಂತ ಕೊನೆಗೆ, ಹೆಸರು.

ಈ ಸಲ ಅವಳು ಹೂಂ ಅನ್ನಲಿಲ್ಲ.

"ಇಷ್ಟೇನಾ? ವರ್ಷದ ಕೆಲಸ ಕೇಳ್ತಾ ಇದೀರೋ, ಹಾಲಿನವನಿಗೆ ಚೀಟಿ ಬರೀತಾ ಇದೀರೋ?"

"ಹೇಳಬೇಕಾದ್ದು ಇಷ್ಟೇ ಅಲ್ವಾ?"

"ನಿಮ್ಮನ್ನ ನೀವು ಮಾರ್ಕೊಳ್ಳೋದು ಕಲೀರಿ ಅಂತ ಅಣ್ಣ ಬಾಯಿ ಬಡ್ಕೊಂಡ. ಆ ಕೋರ್ಸಿಗೆ ಸೇರಿದ್ದಾದ್ರೂ ಯಾಕೆ? ಸ್ವಲ್ಪ ಜೀವ ತುಂಬಿ." ಅವಳು ಮೆಟ್ಟಿಲಿಳಿದು ಹೋದಳು.

ರೈಟರ್ ಕಾಗದವನ್ನೂ, ವಿಳಾಸ ಬರೆದಿದ್ದ ಲಕೋಟೆಯನ್ನೂ ಕೈಗೆ ಸಿಕ್ಕ ಜಾಗದಲ್ಲಿ, ಎಂದರೆ ಚಪ್ಪಲಿ ಸ್ಟ್ಯಾಂಡಿನ ಮೇಲೆ, ಇಟ್ಟು ಒಳಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತ. ನಡುಮನೆಯಲ್ಲಿ ಅವನ ಮಾವ, ಹೆಂಡತಿಯ ತಂದೆ, ಛತ್ರಿ ಹುಡುಕುತ್ತಿದ್ದರು. ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದವರು. ಮೂವತ್ತೆರಡು ವರ್ಷ ಎರಡೇ ಬಣ್ಣದಲ್ಲಿ ಮಾತಾಡಿ ಅಭ್ಯಾಸವಾಗಿ, ಮನೆಯಲ್ಲಿ ಅಷ್ಟೂ ಮಾತಾಡುತ್ತಿರಲಿಲ್ಲ. ಮಗಳ ಮನೆಗೆ ಅವರಿಂದ ಆಗುತ್ತಿದ್ದ ಉಪಕಾರ ಒಂದೇ. ಕರೆಂಟಿನ ಬಿಲ್ಲು, ಲೈಬ್ರರಿಯ ಪುಸ್ತಕ, ಇಸ್ತ್ರಿಯ ಗಂಟು, ಹೊರಗೆ ಹೋಗಬೇಕಾದದ್ದನ್ನೆಲ್ಲ ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟರೆ ವಾಕಿಂಗಿಗೆ ಹೋಗುವಾಗ ಕೇಳದೆ ಎತ್ತಿಕೊಂಡು ಹೋಗಿ ತಲುಪಿಸಿಬರುತ್ತಿದ್ದರು. ಅವರು ಛತ್ರಿ ಸಿಕ್ಕಿ ಹೊರಟದ್ದು ರೈಟರ್‌ಗೆ ಗೊತ್ತಾಗಲಿಲ್ಲ. ಅವರು ಇರುವುದಕ್ಕೂ ಇಲ್ಲದಿರುವುದಕ್ಕೂ ಸದ್ದಿನಲ್ಲಿ ವ್ಯತ್ಯಾಸವಿರಲಿಲ್ಲ.

ಮೊಬೈಲಿನಲ್ಲಿ ಗುರು ಪ್ರತ್ಯಕ್ಷನಾದ. 'ಹತ್ತು ದಿನದಲ್ಲಿ ನಿಮ್ಮನ್ನು ನೀವೇ ಮಾರಿಕೊಳ್ಳಿ' ಎಂಬ ಕೋರ್ಸಿನ ಗುರು. ಪ್ರತಿ ಪಾಠದಲ್ಲೂ ಒಂದೊಂದು ಕಾರಿಗೆ ಒರಗಿ ನಿಲ್ಲುತ್ತಿದ್ದ. ಯಾವ ಕಾರಿನ ಬಾಗಿಲನ್ನೂ ಅವನು ತೆಗೆದದ್ದನ್ನು ಯಾರೂ ಕಂಡಿರಲಿಲ್ಲ.

"ಗ್ರಾಹಕನಿಗೆ ಎಲ್ಲಿ ನೋವಿದೆ, ಹುಡುಕಿ," ಎಂದ ಗುರು. "ಅಲ್ಲಿ ಬೆರಳಿಡಿ. ಒತ್ತಿ. ಇನ್ನೂ ಒತ್ತಿ. ನೆನಪಿಡಿ, ಮೌನವೇ ಮಾರಾಟದ ಶತ್ರು."

ರೈಟರ್ ಒತ್ತತೊಡಗಿದ. ಹತ್ತು ಗಂಟೆಯ ಹೊತ್ತಿಗೆ ನಾಲ್ಕು ಸಾಲು ಒಂದು ಪುಟವಾಗಿತ್ತು.

ಅಷ್ಟರಲ್ಲಿ ಎದುರು ಮನೆಯ ಬ್ರೋಕರ್ ಬಂದ. ಮನೆ ಮಾರಿಸುವುದು ಅವನ ಕಸುಬು, ಮನೆ ಮನೆ ಸುತ್ತುವುದು ಹವ್ಯಾಸ. ಕಿಟಕಿಯೇ ಇಲ್ಲದ ಕೋಣೆಯನ್ನು 'ಧ್ಯಾನಕ್ಕೆ ಸೂಕ್ತ' ಎಂದು ಮಾರಿದ ಖ್ಯಾತಿ ಅವನದು. ಯಾರೂ ಕರೆಯದೆಯೇ ರೈಟರ್‌ನ ಹೆಗಲ ಮೇಲಿಂದ ಬಗ್ಗಿ ಓದಿದ.

"ಏನ್ರೀ ರೈಟರ್ರೇ, ಇದು ಅರ್ಜಿಯೋ, ಅಂಗಡಿ ಮುಚ್ಚಿರೋ ಬೋರ್ಡೋ? ಒಂದು ಪ್ರಶ್ನೆಯಿಂದ ಶುರು ಮಾಡಿ. ಓದಿದೋರಿಗೆ ತಲೆ ಕೆರ್ಕೊಳ್ಳೋ ಹಾಗಾಗ್ಬೇಕು."

"ಏನು ಪ್ರಶ್ನೆ?"

"'ನಿಮ್ಮ ಏಣಿ ಗ್ರಾಹಕರನ್ನು ಎಲ್ಲಿಗೆ ತಲುಪಿಸುತ್ತದೆ, ಎಂದಾದರೂ ಯೋಚಿಸಿದ್ದೀರಾ?' ಬರ್ಕೊಳ್ಳಿ. ಆಮೇಲೆ, ನಿಮ್ಮ ಹತ್ರ ಕೆಲಸ ಮಾಡಿಸೋಕೆ ಜನ ಕ್ಯೂ ನಿಂತಿದಾರೆ ಅಂತ ಹಾಕಿ. 'ಈ ವರ್ಷಕ್ಕೆ ಒಬ್ಬ ಗ್ರಾಹಕರಿಗೆ ಮಾತ್ರ ಅವಕಾಶ ಉಳಿದಿದೆ.'"

"ಸದ್ಯಕ್ಕೆ ನನ್ನ ಹತ್ರ ಒಬ್ಬ ಗ್ರಾಹಕನೂ ಇಲ್ಲವಲ್ಲ."

"ನಾನು ತೋರಿಸೋ ಮನೆಗಳಿಗೂ ಯಾರೂ ಇರಲ್ಲ. ಹಾಗಂತ ಹೇಳ್ತೀನಾ?"

ಹನ್ನೊಂದಕ್ಕೆ ಭಾವ ಬಂದ. ಬೆಳಗ್ಗೆಯೇ ತಂಗಿ ಫೋನ್ ಮಾಡಿದ್ದಳಂತೆ. ಹತ್ತು ಜನರ ನಡುವೆ ಹಾವು ಸಾಯುವುದಿಲ್ಲ ಅನ್ನುತ್ತಾರೆ. ಇಲ್ಲಿ ಮೂರೇ ಜನ ಸೇರಿದ್ದರೂ ಹಾವು ಕ್ಷಣಕ್ಷಣಕ್ಕೂ ದಪ್ಪವಾಗುತ್ತಿತ್ತು. ಮೆಚ್ಚುಗೆಯ ಮಾತು ಹಾಕಬೇಕೆಂದ ಭಾವ. ಬ್ರೋಕರ್ ತಕ್ಷಣ ಒಂದು ಮೆಚ್ಚುಗೆ ಹೇಳಿ ಬರೆಸಿದ: "ಇವರ ಬರವಣಿಗೆಯಿಂದ ನನ್ನ ಉದ್ಯಮ ಮುಗಿಲು ಮುಟ್ಟಿತು." ರೈಟರ್ ಅವನಿಗೆ ಬರೆದುಕೊಟ್ಟದ್ದು ಇಲ್ಲಿಯವರೆಗೆ ಒಂದೇ, 'ಬಾಡಿಗೆಗೆ ಇದೆ' ಎಂಬ ಬೋರ್ಡು.

ಈ ಹೊತ್ತಿಗೆ ಮಾವ ವಾಕಿಂಗ್ ಮುಗಿಸಿ ಬಂದು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದರು. ಪುಟಗಳು ಆರಾದದ್ದನ್ನು ನೋಡಿದರು. ಒಮ್ಮೆ ಬಾಯಿ ತೆರೆದರು.

"ನೀವು ಸುಮ್ನಿರಿ ಅಪ್ಪ," ಎಂದ ಭಾವ. "ಇದು ಮಾರ್ಕೆಟಿಂಗು."

ಮಾವ ಬಾಯಿ ಮುಚ್ಚಿದರು.

"ಒಂದು ಫೋಟೋ ಬೇಕು," ಎಂದ ಭಾವ. "ನಾನು ಟೈಲ್ಸ್ ಮಾರೋದು ಹೇಗೆ? ಅದರ ಮೇಲೆ ನಿಂತು. ನೀನೂ ಏಣಿ ಮೇಲೆ ನಿಂತ್ಕೊಳ್ಳಪ್ಪ."

ಕೆಳಗಿನ ಮಹಡಿಯಲ್ಲಿ ಗೋಡೆಗೆ ಬಣ್ಣ ಬಳಿಯುತ್ತಿದ್ದವನ ಏಣಿ ಅದೇ ಕಾರ್ಖಾನೆಯದು, ಎರಡು ಕಾಲು ಅಗಲಿಸಿ ನಿಲ್ಲಿಸುವಂಥದು. ಅದನ್ನು ಅವನು ಒಲ್ಲದ ಮನಸ್ಸಿನಿಂದ ಕೊಟ್ಟ. ರೈಟರ್ ಬಿಳಿ ಅಂಗಿ ಹಾಕಿಕೊಂಡು ಅಲ್ಲೇ ಐದನೆಯ ಮೆಟ್ಟಿಲು ಹತ್ತಿದ.

"ಕೈ ಕಟ್ಕೊಳ್ಳಿ," ಎಂದ ಬ್ರೋಕರ್, ಮೊಬೈಲ್ ಹಿಡಿದು. "ಗತ್ತು ಬರಲಿ."

"ನಗು," ಎಂದ ಭಾವ. "ಅಷ್ಟಲ್ಲ. ಕಮ್ಮಿ. ನಾಳೆ ಕೆಲಸ ಸಿಗೋನ ಥರ ನಗು."

"ದೂರ ನೋಡಿ. ಇನ್ನೂ ದೂರ."

ರೈಟರ್ ಕೈ ಕಟ್ಟಿ, ಅಳತೆಯಾಗಿ ನಕ್ಕು, ದೂರ ನೋಡಿದ. ನೋಡುತ್ತಿದ್ದಂತೆ ದೂರದ್ದೆಲ್ಲ ಮೇಲಕ್ಕೆ ಹೋಗತೊಡಗಿತು. ಏಣಿಯ ಎರಡು ಕಾಲುಗಳು ಜಗಳವಾಡಿದ ದಾಯಾದಿಗಳ ಹಾಗೆ ಬೇರೆ ಬೇರೆ ದಿಕ್ಕು ಹಿಡಿದಿದ್ದವು. ಬೀಳುವ ಆ ಅರೆಕ್ಷಣದಲ್ಲಿ ಅವನಿಗೆ ತಾನು ಬೆಳಗ್ಗೆ ಬರೆದ ಎರಡನೆಯ ಸಾಲು ಅಕ್ಷರ ಅಕ್ಷರವಾಗಿ ನೆನಪಾಯಿತು. ಆಗ ಕೊಂಡಿ ಹಾಕುವಷ್ಟು ಸಮಯ ಉಳಿದಿರಲಿಲ್ಲ.

ಹಣೆ ಬಣ್ಣದ ಡಬ್ಬಿಯ ಅಂಚಿಗೆ ತಗುಲಿತ್ತು. ಬ್ರೋಕರ್ ಓಡಿಹೋಗಿ ಹತ್ತಿ, ಪ್ಲಾಸ್ಟರ್ ತಂದ. ಅಡ್ಡಡ್ಡವಾಗಿ ಎರಡು ಪಟ್ಟಿ ಬಿತ್ತು.

"ಫೋಟೋ ಬಂತಾ?" ಎಂದು ಕೇಳಿದ ಭಾವ.

"ಬಂದಿದೆ. ಕಾಲು ಮಾತ್ರ."

ನಾಲ್ಕೂವರೆಗೆ ರೈಟರ್ ಏಳು ಪುಟದ ಅರ್ಜಿ ಹಿಡಿದು ಹೊರಟ. ಚಪ್ಪಲಿ ಮೆಟ್ಟುವಾಗ ಸ್ಟ್ಯಾಂಡಿನ ಮೇಲೆ ಬೆಳಗಿನ ಕಾಗದವಿಲ್ಲದ್ದು ಅವನ ಕಣ್ಣಿಗೆ ಬೀಳಲಿಲ್ಲ. ಒಂದು ಕಣ್ಣಿನ ಮೇಲೆ ಪ್ಲಾಸ್ಟರ್ ಇಳಿಬಿದ್ದಿತ್ತು.

ಗೇಟಿನಲ್ಲಿ ಕೊಟ್ಟು ಬರೋಣವೆಂದರೆ ಕಾವಲುಗಾರ ಅವನನ್ನು ಒಳಗೇ ಕಳಿಸಿದ. "ಅಮ್ಮ ಎಲ್ಲರನ್ನೂ ತಾವೇ ನೋಡ್ತಿದಾರೆ."

ಅಮ್ಮ ಎಂದರೆ ಕಾರ್ಖಾನೆಯ ಒಡತಿ. ಸುತ್ತಲೂ ಗೋಡೆಗೆ ಒರಗಿದ ಏಣಿಗಳ ನಡುವೆ ಕುಳಿತಿದ್ದಳು. ಅವಳ ಬಲಗೈ ಭುಜದಿಂದ ಬೆರಳಿನವರೆಗೆ ಸುಣ್ಣದ ಕಟ್ಟಿನಲ್ಲಿತ್ತು. ಎಡಗೈಯಿಂದ ಮೊದಲ ಪುಟ ತಿರುವಿ ಮೊದಲ ಸಾಲು ಜೋರಾಗಿ ಓದಿದಳು.

"'ನಿಮ್ಮ ಏಣಿ ಗ್ರಾಹಕರನ್ನು ಎಲ್ಲಿಗೆ ತಲುಪಿಸುತ್ತದೆ, ಎಂದಾದರೂ ಯೋಚಿಸಿದ್ದೀರಾ?'" ತಲೆಯೆತ್ತಿದಳು. "ಯೋಚಿಸಿದೀನಿ. ಮೂಳೆ ಡಾಕ್ಟರ ಹತ್ರಕ್ಕೆ."

ರೈಟರ್ ಸುಮ್ಮನಿದ್ದ. ಗುರು ಕಲಿಸಿದ್ದಕ್ಕೆ ವಿರುದ್ಧವಾಗಿ ಆ ದಿನ ಅವನು ಮಾಡಿದ ಒಂದೇ ಕೆಲಸ ಅದು.

"ನಮ್ಮ ಹಳೇ ಹಾಳೆ ಬರೆದವನೂ ನಿಮ್ಮ ಥರದವನೇ. ಮೊದಲ ಪುಟ ಪೂರ್ತಿ ಕನಸು, ಎರಡನೇ ಪುಟ ಪೂರ್ತಿ ಎತ್ತರ. ನನ್ನ ಕಾರ್ಖಾನೆಯ ಏಣಿಯಿಂದ ನಾನೇ ಬಿದ್ದೆ. ಬಿದ್ದ ಮೇಲೆ ಮಲಗಿಕೊಂಡೇ ಮೂರನೇ ಪುಟ ಓದಿದೆ." ಅವಳು ಮೇಜಿನ ಮೇಲಿಂದ ಒಂದು ಹಾಳೆ ಎತ್ತಿ ಹಿಡಿದಳು. "ಇವತ್ತು ಬಂದ ಮೂವತ್ತರಲ್ಲಿ ಮನುಷ್ಯ ಬರೆದದ್ದು ಇದೊಂದೇ. ನಾಲ್ಕು ಸಾಲು. ಪುಣ್ಯಾತ್ಮ ಹೆಸರು ಕೂಡ ಹಾಕಿಲ್ಲ."

ರೈಟರ್ ಬಗ್ಗಿ ನೋಡಿದ. ಅವನದೇ ಕಾಗದ. ಕಾಗದ ಇಲ್ಲಿಗೆ ಹೇಗೆ ಬಂತೆಂದು ಯೋಚಿಸಲು ಅವನು ನಿಲ್ಲಲಿಲ್ಲ.

"ಮೇಡಂ, ಅದು ನಂದು."

"ನಿಮ್ಮದಾ?"

"ನಾನೇ ಬರೆದದ್ದು. ಇವತ್ತು ಬೆಳಗ್ಗೆ."

"ಇದನ್ನ ತೋರಿಸಿದ ತಕ್ಷಣ ನಂದೇ ಅಂದವರಲ್ಲಿ ನೀವು ಮೂರನೆಯವರು." ಅವಳ ಕಣ್ಣು ಅವನ ಹಣೆಯ ಮೇಲೆ ನಿಂತಿತು. "ಅದೇನದು?"

"ಬಿದ್ದೆ."

"ಎಲ್ಲಿಂದ?"

"ಏಣಿಯಿಂದ."

"ನಮ್ಮದಾ?"

"ಹೌದು."

"ಕೊಂಡಿ ಹಾಕಿರಲಿಲ್ವಾ?"

ಏಣಿಗಳು ಕೂಡ ಉತ್ತರಕ್ಕೆ ಕಾದಂತಿತ್ತು.

"ಇಲ್ಲ."

"ಹತ್ತೋ ಮೊದಲು ಕೊಂಡಿ ಹಾಕಬೇಕು ಅಂತ ಬರೆದವರು ನೀವಂತೆ. ಕೊಂಡಿ ಹಾಕದೆ ಹತ್ತಿ ಬಿದ್ದವರೂ ನೀವು." ಅವಳು ಏಳು ಪುಟಗಳನ್ನು ಹಿಂದಕ್ಕೆ ಕೊಟ್ಟಳು. "ಇದನ್ನ ತಂದವರನ್ನ ನಮ್ಮ ಕಾವಲುಗಾರ ಕಣ್ಣಾರೆ ನೋಡಿದಾನೆ. ದಿನಾ ಇದೇ ದಾರೀಲಿ ಓಡಾಡೋರಂತೆ, ಮನೇನೂ ಅವನಿಗೆ ಗೊತ್ತಂತೆ. ಕರೆತರೋಕೆ ನಮ್ಮ ಮ್ಯಾನೇಜರು ಕಾರು ತಗೊಂಡು ಹೋಗಿದಾರೆ. ನೀವು ಹೊರಡಿ. ಗಾಯ ಒಣಗಲಿ."

ರೈಟರ್ ನಡೆದೇ ಮನೆಗೆ ಬಂದ. ದಾರಿಯುದ್ದಕ್ಕೂ ಆ ನಾಲ್ಕು ಸಾಲು ಅವನ ಜೊತೆಗೇ ಬಂದವು, ಹಳೆಯ ಗೆಳೆಯರು ಬೇರೆಯವರ ಪಕ್ಷ ಸೇರಿದ ಮೇಲೆ ಎದುರಿಗೆ ಸಿಕ್ಕ ಹಾಗೆ. ಒಂದು ಕಾರು ಅವನ ಪಕ್ಕದಲ್ಲೇ ಹೋಯಿತು, ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಬಂದು ಮುಂದೆ ಹೋಯಿತು. ಅವನು ಪ್ಲಾಸ್ಟರ್ ಇಲ್ಲದ ಕಡೆ ನೋಡುತ್ತಿದ್ದುದರಿಂದ ಒಳಗೆ ಯಾರಿದ್ದರೆಂದು ಕಾಣಲಿಲ್ಲ.

ಮನೆಯ ಬಾಗಿಲು ತೆರೆದಿತ್ತು. ಹೆಂಡತಿ, ಭಾವ, ಬ್ರೋಕರ್ ಮೂವರೂ ಮೂಲೆಯ ಕುರ್ಚಿಯ ಸುತ್ತ ನಿಂತಿದ್ದರು. ಕುರ್ಚಿಯಲ್ಲಿ ಮಾವ. ಮಡಿಲಲ್ಲಿ ಕಾರ್ಖಾನೆಯ ಮುದ್ರೆಯೊತ್ತಿದ ಒಪ್ಪಂದ ಪತ್ರ.

"ರೀ, ಬೆಳಗ್ಗೆ ಸ್ಟ್ಯಾಂಡ್ ಮೇಲಿದ್ದ ಕಾಗದ ಅಪ್ಪ ತಗೊಂಡು ಹೋಗಿ ಕೊಟ್ಟಿದಾರೆ," ಎಂದಳು ಹೆಂಡತಿ. ಅವಳಿಗೆ ಅಳುವುದೋ ನಗುವುದೋ ಗೊತ್ತಾಗುತ್ತಿರಲಿಲ್ಲ. "ಕಾರಲ್ಲಿ ಕರ್ಕೊಂಡು ಹೋಗಿ ಒಂದು ವರ್ಷದ ಕೆಲಸ ಕೊಟ್ಟು, ಕಾರಲ್ಲೇ ಬಿಟ್ಟುಹೋದ್ರು."

"ಮಾವ, ನೀವು ಹೇಳಲಿಲ್ವಾ? ಬರೆದದ್ದು ನಾನು ಅಂತ?"

"ಕೇಳಿದ್ರು," ಎಂದರು ಮಾವ.

"ಮತ್ತೆ?"

"ನಾನು ಮಾತಾಡಲಿಲ್ಲ."

"ಯಾಕೆ?"

ಮಾವ ಆ ವರ್ಷದ ಅತಿ ಉದ್ದದ ಮಾತು ಆಡಿದರು. "ಮಾತು ಜಾಸ್ತಿಯಾದ್ರೆ ಕೆಲಸ ಕೆಡುತ್ತೆ ಅಂತ ಬೆಳಗ್ಗೆಯಿಂದ ಇಲ್ಲೇ ಕೂತು ನೋಡ್ತಾ ಇದ್ದೆ."

"ಈಗಲೇ ಹೋಗಿ ಹೇಳೋಣ ನಡೀರಿ. ಇಬ್ಬರೂ ಹೋಗೋಣ."

"ಅದಾಗಲ್ಲಪ್ಪ," ಎಂದು ಭಾವ ಒಪ್ಪಂದದ ಕೊನೆಯ ಪುಟ ತೋರಿಸಿದ. ಒಡತಿ ಎಡಗೈಯಲ್ಲಿ ಸೊಟ್ಟಸೊಟ್ಟಗೆ ಒಂದು ಷರತ್ತು ಸೇರಿಸಿದ್ದಳು: 'ಪ್ರತಿ ಹಾಳೆಯನ್ನೂ ತಾವೇ ಬರೆದು ಸಹಿ ಹಾಕಬೇಕು. ಹಣೆಗೆ ಪ್ಲಾಸ್ಟರ್ ಹಾಕಿಕೊಂಡ ಒಬ್ಬ ತಮ್ಮ ಬರಹವನ್ನು ತನ್ನದೆಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಎಚ್ಚರವಿರಲಿ.'

ಬ್ರೋಕರ್ ಗಂಟಲು ಸರಿಪಡಿಸಿಕೊಂಡ. "ಕಮ್ಮಿ ಬರೀರಿ ಅಂತ ನಾನು ಎಷ್ಟು ಬಡ್ಕೊಂಡೆ. ನಮ್ಮ ಮಾತು ಯಾರು ಕೇಳ್ತಾರೆ?"

"ಹೋಗ್ಲಿ ಬಿಡು," ಭಾವ ರೈಟರ್‌ನ ಬೆನ್ನು ತಟ್ಟಿದ. "ನಾಳೆ ಒಂಬತ್ತಕ್ಕೆ ಅಂಗಡಿ. ಆರಕ್ಕೆ ಬಿಡ್ತೀನಿ. ಆಮೇಲೆ ಮನೇಲಿ ಕೂತು ಅಪ್ಪನ ಹಾಳೆ ಬರಿ. ಯಾರಿಗೂ ಹೇಳಬೇಡ, ಅಷ್ಟೇ."

ಮೊದಲ ಹಾಳೆಯನ್ನು ಮರುದಿನವೇ ಕೊಡಬೇಕಿತ್ತು. ಮೂರು ಮೆಟ್ಟಿಲಿನ ಅಡುಗೆಮನೆ ಏಣಿ. ರೈಟರ್ ಕಂಪ್ಯೂಟರಿನ ಮುಂದೆ ಕುಳಿತ. ಯಾರೂ ಮಾತಾಡಲಿಲ್ಲ. ಬ್ರೋಕರ್ ಕೂಡ ಉಸಿರು ಬಿಗಿಹಿಡಿದು ನಿಂತಿದ್ದ. ಹತ್ತೇ ನಿಮಿಷದಲ್ಲಿ ನಾಲ್ಕು ಸಾಲು ಕಾಗದದ ಮೇಲೆ ಬಂದವು. ಮೊದಲ ಸಾಲು ಕೊಂಡಿಯದು.

ಮಾವ ಕನ್ನಡಕ ಏರಿಸಿ ಓದಿದರು. ನಾಲ್ಕನೆಯ ಸಾಲನ್ನು ಹೊಡೆದುಹಾಕಿದರು.

"ಸರಿಯಾಗಿದೆಯಾ ಮಾವ?"

ಮಾವ ತಲೆಯನ್ನು ಒಮ್ಮೆ ಆಡಿಸಿದರು. ಮೂವತ್ತೆರಡು ವರ್ಷ ರೈಲುಗಳಿಗೆ ಕೊಟ್ಟದ್ದೂ ಅಷ್ಟೇ, ಹಸಿರು. ಆಮೇಲೆ ಅಳಿಯನ ಜೇಬಿನಿಂದ ಪೆನ್ನು ಎತ್ತಿಕೊಂಡು, ಎಲ್ಲಕ್ಕಿಂತ ಕೊನೆಗೆ, ತಮ್ಮ ಹೆಸರು ಹಾಕಿದರು.