ಆಳಸಮುದ್ರದ ತಾಯಿಗೆ ರಜೆ

೨೦೨೪ನೆಯ ಇಸವಿ ಜುಲೈ ಎಂಟು, ಸೋಮವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಕುಂದಾಪುರದ ಜಲಚರ ಪ್ರಸವ ರಜಾ ಮಂಡಳಿಯ ಗುತ್ತಿಗೆ ಗುಮಾಸ್ತೆ ಸರೋಜ ಹದಿನೈದು ದಿನಗಳ ರಜೆ ಕೋರಿ ಅರ್ಜಿ ಸಲ್ಲಿಸಿದಳು. ಏಳು ತಿಂಗಳ ಮಗಳು ದೀಕ್ಷಾಳಿಗೆ ಜ್ವರ. ಮಗು ತಾಯಿಯ ಹೊರತು ಬೇರೆಯವರ ಕೈಯಿಂದ ಏನನ್ನೂ ಕುಡಿಯುತ್ತಿರಲಿಲ್ಲ.

ಮಂಡಳಿಯ ಸ್ಥಾಪನೆಗೆ ಸಕಾರಣವಿತ್ತು. ಮೀನು ಮರಿಮಾಡಲೆಂದು ಮಳೆಗಾಲದಲ್ಲಿ ಅರುವತ್ತೊಂದು ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಇದು ಹೆರಿಗೆ ರಜೆಯೇ ಆಗಿರುವಾಗ, ಇದುವರೆಗೆ ಒಂದು ಬಂಗುಡೆ ಮೀನೂ ಅರ್ಜಿ ಸಲ್ಲಿಸಿಲ್ಲವೆಂಬ ಲೋಪ ತಪಾಸಣೆಯಲ್ಲಿ ಕಂಡುಬಂತು. ಅಂದಿನಿಂದ ಮೀನುಗಳ ಪರವಾಗಿ ಅರ್ಜಿ ಬರೆದು, ಮೀನುಗಳ ಪರವಾಗಿ ಸಹಿ ಹಾಕಿ, ಮಂಜೂರಾತಿ ಪತ್ರವನ್ನು ಹೊಳೆ ಕಡಲು ಸೇರುವ ಗಂಗೊಳ್ಳಿಯ ಅಳಿವೆಯಲ್ಲಿ ಬಿಟ್ಟು ಬರುವುದು ಸರೋಜಳ ಕೆಲಸ.

ಅಧೀಕ್ಷಕ ರತ್ನಾಕರ ಅವರು ಅರ್ಜಿಯನ್ನು ಎರಡು ಸಲ ಓದಿದರು.

“ಹ್ವಾಯ್, ಇದ್ರಗೆ ಕಾಲಮೇ ಇಲ್ಲೆ. ಹೊಳಿ ಮೀನ್, ಕಡಲ್ ಮೀನ್, ಆಳಸಮುದ್ರದ ಜೀವಿ. ಮನ್ಷ್ಯರ್ ಎಲ್ಲಿತ್ತ್?”

“ಮಗಳಿಗೆ ಜ್ವರ ಬಿಡ್ಲಿಲ್ಲೆ ಸಾರ್.”

“ಆ ಆಕ್ಟೋಪಸ್ ಕಾಣಿ. ಸಾವಿರದ್ ನಾನೂರ್ ಮೀಟರ್ ಅಡಿಯಗೆ ಐವತ್ಮೂರ್ ತಿಂಗ್ಳ್ ಮೊಟ್ಟಿ ಬಿಟ್ಟ್ ಏಳ್ಲಿಲ್ಲೆ, ಒಂದ್ ತುತ್ತ್ ತಿನ್ಲಿಲ್ಲೆ, ಮರಿ ಹೊರಗ್ ಬಂದದ್ದೇ ಸತ್ತ್ ಹೋಯ್ತ್. ತಾಯಿ ಅಂದ್ರೆ ಹಾಂಗಿರ್ಕ್.”

“ಅದ್ಕೆ ರಜೆ ಇತ್ತಲ್ದಾ ಸಾರ್? ಆರ್ಡರ್ ಟೈಪ್ ಮಾಡಿದ್ದ್ ನಾನೇ.”

ರತ್ನಾಕರ ಅವರು ಕಡತ ತರಿಸಿ ಪರಿಶೀಲಿಸಿದರು. ಹೇಳಿಕೆ ದಾಖಲೆಗೆ ಅನುಗುಣವಾಗಿತ್ತು.

ಸರೋಜ ಹೊಸ ನಮೂನೆ ತೆಗೆದು ಆಳಸಮುದ್ರದ ಜೀವಿ ಎಂಬಲ್ಲಿ ಗುರುತು ಹಾಕಿದಳು. ವಾಸಸ್ಥಳ: ಹೆಮ್ಮಾಡಿ, ಸಮುದ್ರಮಟ್ಟದಿಂದ ಸಾವಿರದ ನಾನೂರು ಮೀಟರ್ ಕೆಳಗೆ. ಆಹಾರ ಸೇವನೆ: ಬೆಳಗಿನಿಂದ ಇಲ್ಲ. ಮಧ್ಯಾಹ್ನ ಅರ್ಜಿ ಆಕ್ಷೇಪಣೆಯೊಡನೆ ಹಿಂತಿರುಗಿತು: ‘ಸದರಿ ಜೀವಿಯು ಮರಿಯನ್ನು ಬಿಟ್ಟು ಕಚೇರಿಗೆ ಬಂದಿರುವುದರಿಂದ ತಾಯಿಯೆಂದು ಪರಿಗಣಿಸಲಾಗದು.’

ಮರುದಿನ ಅವಳು ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ಬಂದು ತನ್ನ ಕುರ್ಚಿಯಲ್ಲಿ ಕುಳಿತಳು, ಮತ್ತೆ ಏಳಲಿಲ್ಲ. ಮೊಹರಿನ ಕಪಾಟಿನ ಬೀಗದ ಕೈ ಅವಳ ಸೊಂಟದಲ್ಲಿತ್ತು. ನಾನೂರು ಬಂಗುಡೆಗಳ ಮಂಜೂರಾತಿ ನಿಂತಿತು.

“ಮೊಹರ್ ಕೊಡಿ ಮಾರಾಯ್ರೆ.”

“ಏಳುಕೆ ಆತ್ತಿಲ್ಲೆ ಸಾರ್. ಕಾವಿಗ್ ಕೂತಿದ್ದೆ.”

“ಬೆಳಿಗ್ಗಿಂದ ಚಾ ಸಹ ಕುಡೀಲಿಲ್ಲೆ. ನಾನ್ ಸಾಕ್ಷಿ,” ಎಂದಳು ಚಹಾ ತರುವ ಸುಗುಣ.

“ಅದೆಲ್ಲ ಸರಿ. ಕೈ ಎಂಟ್ ಬೇಕಲ್ದಾ?”

“ಮಗು ಹಿಡುಕೆ ಒಂದ್, ಔಷಧಿಗೆ ಒಂದ್, ಬೆಂಕಿ ಒಲಿಗೆ ಒಂದ್, ಬಸ್ಸಿನ ಕಂಬಿಗೆ ಒಂದ್, ನಿಮ್ಮ್ ಫೈಲಿಗೆ ನಾಕ್. ಎಣ್ಸಿ ಸಾರ್.”

ರತ್ನಾಕರ ಅವರು ಎಣಿಸಿದರು. ‘ಕೈಗಳು: ಎಂಟು; ಕಾಣಿಸುವಂಥವು ಎರಡು’ ಎಂದು ಷರಾ ಬರೆದರು. ಸಂಜೆಯೊಳಗೆ ಆದೇಶ ಹೊರಟಿತು:

‘ಸದರಿ ಜೀವಿಗೆ ಐವತ್ತಮೂರು ತಿಂಗಳ ರಜೆ ಮಂಜೂರು ಮಾಡಿದೆ. ಹದಿನೈದು ದಿನಕ್ಕೆ ಪೂರ್ವನಿದರ್ಶನವಿಲ್ಲ. ರಜೆಯ ಕೊನೆಯ ದಿನ, ಕಚೇರಿ ವೇಳೆಯೊಳಗೆ, ತಾಯಿಯು ಮರಣ ಹೊಂದತಕ್ಕದ್ದು.’

“ಸಾಯುದ್ ಕಡ್ಡಾಯವಾ ಸಾರ್?”

“ನಿಯಮ ಅಲ್ದಾ? ಆಕ್ಟೋಪಸ್ ಎಂತ ತಕರಾರ್ ಮಾಡ್ಲಿಲ್ಲೆ.”

ಸುಗುಣ ತನಗೂ ಒಂದು ಖಾಲಿ ನಮೂನೆ ಕೇಳಿದಳು. ಅವಳಿಗೆ ಇಬ್ಬರು ಮಕ್ಕಳು. ಅರ್ಜಿದಾರಳು ಎದುರಿಗೇ ಕುಳಿತಿದ್ದರೂ ಆದೇಶದ ಪ್ರತಿಯನ್ನು ನಿಯಮಾನುಸಾರ ಅಳಿವೆಯಲ್ಲಿ ಬಿಟ್ಟು ಬರಲಾಯಿತು.

ದೀಕ್ಷಾಳ ಮೈ ಬೆವರಿ ಜ್ವರ ಇಳಿಯತೊಡಗಿತ್ತು. ಸರೋಜ ಷರತ್ತುಗಳ ಕೆಳಗೆ ಸಹಿ ಹಾಕಿದಳು. ಸಾಯುವುದಕ್ಕೆ ಏಳು ದಿನ ಮೊದಲು ರಜೆ ವಿಸ್ತರಣೆಗೆ ಅರ್ಜಿ ಹಾಕುವುದೆಂದು ತೀರ್ಮಾನಿಸಿದಳು.