ಚಿಲಕ ಇರೋ ಖೋಲಿ

ಗಂಡ-ಹೆಂಡತಿ ಇರೋತನಕ ತಕರಾರು ನಡೀತಾನೇ ಇರ್ತಾವು. ನಾನು ಜಮಖಂಡಿಯೊಳಗೆ ನಮ್ಮ ಜಮಾತಿನ ಚೀಟಿ ಮುಟ್ಟಿಸುವವ. ಹೆಂಡತಿ ಖರ್ಚಿನ ತಕರಾರು ತಂದರೆ, ಗಂಡನ ಕೈಗೆ ಚೀಟಿ ಕೊಟ್ಟು ಪಂಚಾಯ್ತಿಗೆ ಕರೆದು ತರುವ ಕೆಲಸ. ಅಲ್ಲಿ ನಡೆದದ್ದನ್ನು ಮನೆಗೆ ಬಂದು ಹೆಂಡತಿಗೆ ಹೇಳುತ್ತಿದ್ದೆ. ಆಕೆ ತೀರಿಕೊಂಡು ಎರಡು ವರ್ಷ ಆಯಿತು. ಕೇಳುವವರಿಲ್ಲ. ಅದಕ್ಕೆ ಬರೀತೇನೆ.

ಆಕೆಗೆ ಬೇಕಾಗಿದ್ದದ್ದು ಒಂದೇ. ಬೀಳಗಿ ಕಡೆಯ ನಮ್ಮ ಊರು ಡ್ಯಾಮಿನ ಹಿನ್ನೀರಿಗೆ ಮುಳುಗಿ ಹೋದ ಮೇಲೆ ನನ್ನ ಅಬ್ಬಾ, ಅಮ್ಮಾ, ತಮ್ಮನ ಸಂಸಾರ ಎಲ್ಲ ನಮ್ಮ ಮನೆಗೆ ಬಂದರು. ಇದ್ದದ್ದು ಒಂದು ಪಡಸಾಲಿ, ಒಂದು ಅಡಿಗಿ ಮನಿ.

"ನನಗೊಂದು ಖೋಲಿ ಮಾಡಿಕೊಡ್ರಿ. ಒಳಗಿಂದ ಚಿಲಕ ಹಾಕೊಳ್ಳೂವಂಥಾದ್ದು," ಅಂದಳು.

"ನೋಡೋಣು," ಅಂದೆ. ನಾಲ್ಕು ವರ್ಷ ನೋಡಿದೆ.

೧. ಕೈಕಾಲಿನ ರಜಾ

ಬನಹಟ್ಟಿಗೆ ಮಗ್ಗದ ಕೆಲಸಕ್ಕೆ ಹೋಗುತ್ತಿದ್ದವನೊಬ್ಬ ಕೆಲಸ ಬಿಟ್ಟು ಕಟ್ಟೆಯ ಮೇಲೆ ಕುಂತಿದ್ದ. "ನನ್ನ ಹೆಂಡ್ತಿ ಹೊಲಿಗಿ ಹಾಕಿ ಛಲೋ ದುಡೀತಾಳ್ರಿ. ನಾ ಯಾಕ ಖರ್ಚು ಕೊಡ್ಲಿ?" ಅಂದ.

ಪಂಚಾಯ್ತಿಗೆ ಕುಂಡ್ರುವ ಮೌಲಾನಾ ಸಾಹೇಬರು ಹೇಳಿದರು: "ಆಕಿ ದುಡಿದದ್ದು ಆಕೀದು. ಊಟ, ಬಟ್ಟಿ, ಇರಾಕ ಜಾಗ, ಇಷ್ಟು ಗಂಡನ ಮ್ಯಾಲ."

"ಹಂಗಾದ್ರ ನನ್ನ ಖರ್ಚು ಯಾರ ಮ್ಯಾಲ್ರಿ?"

"ನಿನ್ನ ಕೈಕಾಲಿನ ಮ್ಯಾಲ."

ಪರದೆ ಹಿಂದಿನಿಂದ ಅವನ ಹೆಂಡತಿ ಅಂದಳು: "ಅವು ರಜಾದ ಮ್ಯಾಲ ಅದಾವ್ರಿ."

ಮನೆಯಲ್ಲಿ ಹೇಳಿದೆ. ನಮ್ಮಾಕಿ ನಕ್ಕಳು. ಆಮೇಲೆ, "ಇರಾಕ ಜಾಗ ಅಂದ್ರ ಎಂಥಾದ್ದು ಅಂತ ಕೇಳಿದ್ರೇನು?" ಅಂದಳು.

ಕೇಳಿರಲಿಲ್ಲ.

೨. ಎದುರಿನ ಅಂಗಡಿ

ರಬಕವಿಯಲ್ಲಿ ಸೀರೆ ಅಂಗಡಿ ಇಟ್ಟವನೊಬ್ಬ. ಹೆಂಡತಿಗೆ ವರ್ಷಕ್ಕೆ ಎರಡು ಸೀರೆ ಕೊಡುತ್ತಿದ್ದ. ಎರಡೂ ಎಳೆ ತಪ್ಪಿ ಮಾರಾಟವಾಗದೆ ಉಳಿದವು.

"ಮದಿವಿಗೆ ಹೋದ್ರ ಮಂದಿ ನನ್ನ ಸೀರಿ ನೋಡಿ ಇವರ ಅಂಗಡಿಗೆ ಹೋಗೂದು ಬಿಟ್ಟಾರ್ರಿ," ಅಂದಳು ಆಕೆ.

"ಅಂತಸ್ತಿಗೆ ತಕ್ಕ ಬಟ್ಟಿ ಕೊಡಬೇಕು," ಅಂದರು ಮೌಲಾನಾ.

ಗಂಡ ಗಾಬರಿಯಾದ. "ನಾಳೆನ ಅಂಗಡಿಗೆ ಬಾ. ಛಲೋದು ಆರಿಸಿಕೋ."

"ಎದುರಿನ ಅಂಗಡ್ಯಾಗ ಆರಿಸಿ ಇಟ್ಟು ಬಂದೀನ್ರಿ."

೩. ನನ್ನ ಚೀಟಿ

ಒಂದು ದಿನ ಜಮಾತಿನ ಸೆಕ್ರೆಟರಿ ಚೀಟಿ ಕೊಟ್ಟು ನಕ್ಕರು. ನನ್ನದೇ ಹೆಸರು. ತಕರಾರು ನಮ್ಮಾಕೀದು.

ಬಾಗಿಲಲ್ಲಿ ನಿಂತು ಗಂಡನ ಹೆಸರು ಕೂಗಬೇಕು, ಅವನ ಕೈಗೇ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಕು. ಅದು ಪದ್ಧತಿ. ನಮ್ಮ ಮನೆ ಮುಂದೆ ನಿಂತು ನನ್ನ ಹೆಸರು ಕೂಗಿದೆ.

ಒಳಗಿಂದ ಆಕೆ ಅಂದಳು: "ಮನ್ಯಾಗಿಲ್ರಿ. ಚೀಟಿ ಹಂಚಾಕ ಹೋಗ್ಯಾರ."

ನಾನೇ ಕೊಟ್ಟೆ, ನಾನೇ ತಗೊಂಡೆ, ನಾನೇ ಹೆಬ್ಬೆಟ್ಟು ಒತ್ತಿದೆ.

ಪಂಚಾಯ್ತಿಯಲ್ಲಿ ಮೌಲಾನಾ ಕೇಳಿದರು: "ಗಂಡ ಏನಂತಾನ?"

ಬೇರೆ ಗಂಡಂದಿರ ಬಗ್ಗೆ ಯಾವಾಗಲೂ ಹೇಳುವ ರೂಢಿಯೊಳಗೆ ಹೇಳಿಬಿಟ್ಟೆ. "ಬರೇ ನೋಡೋಣು ಅಂತಾನ್ರಿ. ನಂಬೂವಂಥ ಮನಷ್ಯಾ ಅಲ್ರಿ."

ಮಂದಿ ನಕ್ಕರು. ಮೌಲಾನಾ ನಗಲಿಲ್ಲ. "ಬ್ಯಾರೆಯವರು ಬರದಂಥ, ಚಿಲಕ ಬೀಳೂವಂಥ ಒಂದು ಖೋಲಿ ಹೆಂಡ್ತಿ ಹಕ್ಕು. ಹದಿನೈದು ದಿನದಾಗ ಆಗಬೇಕು."

ಪಡಸಾಲಿಗೆ ಅಡ್ಡಗೋಡೆ ಎತ್ತಿದೆ. ಬಾಗಿಲು ಕೂಡಿಸಿದ ದಿನ ಆಕೆ ಒಳಗೆ ಹೋಗಿ ಚಿಲಕ ಹಾಕಿದಳು. ಸಂಜೆತನಕ ತೆಗೆಯಲಿಲ್ಲ. ಮಲಗಿಬಿಟ್ಟಿದ್ದಳು. ನಾಲ್ಕು ವರ್ಷದ ನಿದ್ದೆ.

ಮರುದಿನ ಅಮ್ಮಾ ಬಂದು ಆ ಚಿಲಕ ಹಾಕಿ ತೆಗೆದು, ಹಾಕಿ ತೆಗೆದು ನೋಡಿದಳು. ಆಮೇಲೆ ನನ್ನನ್ನು ಕೇಳಿದಳು: "ನಿಮ್ಮ ಮೌಲಾನಾ ಸಾಹೇಬ್ರು ಮತ್ತ ಯಾವಾಗ ಪಂಚಾಯ್ತಿಗೆ ಕುಂಡ್ರತಾರಪಾ?"

ಮೂಲೆಯಲ್ಲಿ ಕುಂತಿದ್ದ ಅಬ್ಬಾ ಎದ್ದು ಚಪ್ಪಲಿ ಹುಡುಕತೊಡಗಿದರು.